ಮುಳುಗದ ಸೋಮವಾರ

ಹರಕೆ ಹೊರುವಾಗ ಮಲ್ಲಣ್ಣ ಯಾವ ಊರಿನ ಹೊತ್ತು ಎಂದು ದೇವರಿಗೆ ಬಿಡಿಸಿ ಹೇಳಿರಲಿಲ್ಲ. ಎಡವಟ್ಟಾಗಿದ್ದು ಅಲ್ಲೇ.

ತಾಯಿ ಗಿರಿಜಾಬಾಯಿಗೆ ಮಂಗಳವಾರ ಹೃದಯದ ಆಪರೇಷನ್. "ಶ್ರಾವಣ ಸೋಮವಾರ ಹೊತ್ತು ಮುಳುಗೂತನಕ ಗಂಡ ಹೆಂಡತಿ ಇಬ್ಬರೂ ಉಪಾಸ ಇರತೀವಿ, ಅವ್ವನ್ನ ಉಳಿಸಪ್ಪಾ ಶಿವನೇ" ಎಂದು ಕೈಮುಗಿದಿದ್ದ. ಹೆಂಡತಿ ಸುಹಾಸಿನಿಗೋ ಅದೇ ಸೋಮವಾರ ಬೆಳಿಗ್ಗೆ ಲಂಡನ್ನಿಗೆ ಹೊರಡಲು ಕಂಪನಿಯ ಅಪ್ಪಣೆಯಾಯಿತು. ವಿಮಾನದಲ್ಲೂ ಉಪವಾಸ ಬಿಡುವುದಿಲ್ಲವೆಂದು ಮಾತು ಕೊಟ್ಟು, ಅವನ ರಾತ್ರಿಯ ಅಡುಗೆ ಮಾಡಿಟ್ಟು ಹೋದಳು.

ಮಲ್ಲಣ್ಣನ ಆಫೀಸಿನಲ್ಲಿ ಅಂದೇ ಯಾರದೋ ಬಡ್ತಿ, ಎಲ್ಲರಿಗೂ ಮಿರ್ಚಿ ಭಜಿ. ಅವನು ವಾಸನೆ ಕುಡಿದು ಆಸ್ಪತ್ರೆಗೆ ಹೋದ. "ಮಾರಿ ಯಾಕ ಬಾಡೇತೋ? ಹೋಗಿ ಉಣ್ಣು" ಎಂದು ಅವ್ವ ಕೈ ಹಿಡಿದಳು. ಆ ಕೈ ತಣ್ಣಗಿತ್ತು. ಮಲ್ಲಣ್ಣನಿಗೆ ನಿಜಕ್ಕೂ ಭಯವಾಯಿತು.

ಮಲ್ಕಾಜ್‌ಗಿರಿಯ ಮನೆಗೆ ಬಂದು, ದೀಪ ಹಚ್ಚಿ, ರೊಟ್ಟಿ ಎಣ್ಣೆಗಾಯಿ ಬಡಿಸಿಕೊಂಡು ಕೂತ. ತುತ್ತು ಮುರಿಯುವಷ್ಟರಲ್ಲಿ ಪಕ್ಕದ ಮನೆಯ ನರಹರಿರಾಯರು ಒಳಗೆ ಬಂದರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಈಗ ಓಣಿಯ ಜನರಿಗೆಲ್ಲ ಕೆಂಪು ಬಾವುಟ ತೋರಿಸುವುದೇ ಕೆಲಸ.

"ತಡಿ ಮಲ್ಲಣ್ಣಾ! ನಿನ್ನ ಹೊತ್ತು ಮುಳುಗೇದ. ಆಕೀದು ಮುಳುಗೇದೇನು?"

"ಏನ್ರಿ ಕಾಕಾ ಹಂಗಂದ್ರ?"

ರಾಯರು ತಟ್ಟೆಯಿಂದ ಒಂದು ಬದನೆಕಾಯಿ ಎತ್ತಿ ದೀಪದ ಮುಂದೆ ಹಿಡಿದರು. "ಇದು ಭೂಮಿ, ಅದು ಸೂರ್ಯ. ಸೂರ್ಯ ಪಶ್ಚಿಮಕ್ಕ ಹೊಂಟಾನ, ವಿಮಾನನೂ ಪಶ್ಚಿಮಕ್ಕ ಹೊಂಟದ. ಇಬ್ಬರೂ ಜೋಡಿ ಓಡಿದ್ರ ಹೊತ್ತು ಮುಳುಗೂದು ಹ್ಯಾಂಗ? ಆಕೀಗಿನ್ನೂ ಮಧ್ಯಾಹ್ನ. ಹರಕಿ ಇಬ್ಬರದೂ ಹೌದಲ್ಲೋ?" ಎಂದು ಭೂಮಿಯನ್ನು ಬಾಯಿಗೆ ಹಾಕಿಕೊಂಡು, "ಉಪ್ಪು ಕಡಿಮಿ ಆಗೇದ" ಎಂದರು.

ಬೇರೆ ದಿನವಾಗಿದ್ದರೆ ಮಲ್ಲಣ್ಣ ನಕ್ಕುಬಿಡುತ್ತಿದ್ದ. ಇಂದು ಅವ್ವನ ತಣ್ಣನೆ ಕೈ ನೆನಪಾಗಿ ತುತ್ತು ಕೆಳಗಿಟ್ಟ. ಅಷ್ಟರಲ್ಲಿ ಸುಹಾಸಿನಿಯ ಫೋನು ಬಂತು. ಅದನ್ನು ಹಿಡಿದು ಬಾಗಿಲಿಗೆ ಹೋದ.

"ರೀ, ಲಂಡನ್ನಿನಾಗ ಇಳಿದೆ. ಒಂದು ತಪ್ಪಾಗೇತಿ, ಬೈಬ್ಯಾಡ್ರಿ. ಎಷ್ಟು ದೂರ ಬಂದ್ರೂ ಸೂರ್ಯ ಕಿಡಕಿ ಬಿಟ್ಟು ಸರೀಲೇ ಇಲ್ಲ. ಹಸಿದು ಹಸಿದು ಕಣ್ಣಿಗೆ ಕತ್ತಲಿ ಬಂತು. ಕತ್ತಲಿ ಬಂತಲ್ಲಾ, ಹೊತ್ತು ಮುಳುಗಿತು ಅಂತ ಉಂಡುಬಿಟ್ಟೆ."

ಮಲ್ಲಣ್ಣನಿಗೆ ಹೋದ ಜೀವ ಬಂದಂತಾಯಿತು. "ಉಂಡಿಯಾ? ಭಾಳ ಛಲೋ ಆತು! ಹಂಗಾದ್ರ ನಾನೂ..."

ಆ ಕಡೆ ಸುಹಾಸಿನಿ ಅಳತೊಡಗಿದಳು. "ನಾಳೆ ಅತ್ತಿಯವರಿಗೆ ಏನರ ಆದ್ರ ನನ್ನಿಂದನ ಆತು ಅಂತ ಹೆದರಿಕಿ ಆಗೇತ್ರಿ. ನನ್ನ ಪಾಲಿನ ಉಪಾಸನೂ ನೀವ ಹಿಡೀರಿ. ಇಲ್ಲಿ ಹೊತ್ತು ಮುಳುಗೂತನಕ."

ಅವ್ವನ ವಿಷಯದಲ್ಲಿ ಇಲ್ಲ ಎನ್ನುವುದು ಹೇಗೆ?

"ಆತು, ಅಳಬ್ಯಾಡ. ಅಲ್ಲಿ ಹೊತ್ತು ಯಾವಾಗ ಮುಳುಗತೈತಿ?"

"ಇಲ್ಲಿ ಈಗ ಬ್ಯಾಸಗಿ ಅಂತ್ರಿ. ಎಲ್ಲಾರೂ ರಾತ್ರಿ ಊಟ ಮಾಡಿದ ಮ್ಯಾಲೆ ಮುಳುಗತೈತಂತ."

ಮಲ್ಲಣ್ಣ ಕಣ್ಣೊರೆಸಿಕೊಂಡು ಒಳಗೆ ಬಂದ. ನರಹರಿರಾಯರು ಕೊನೆಯ ರೊಟ್ಟಿ ಚೂರಿನಿಂದ ತಟ್ಟೆ ಒರೆಸುತ್ತಿದ್ದರು.

"ನಿನಗಿನ್ನೂ ಮಧ್ಯಾಹ್ನ ಅಲ್ಲೇನೋ, ಆರಿ ಹೋಗ್ತದ ಅಂತ ಉಂಡೆ" ಎಂದರು.