ಐವತ್ತೆಂಟು ನಿಮಿಷದ ವಿಚಾರಣೆ

ಬುಧವಾರ ಸಂಜೆ ಆರಕ್ಕೆ ಸಿದ್ದಲಿಂಗೇಶ್ ಕಿವಿಗೆ ಇಯರ್‌ಬಡ್ ಸಿಕ್ಕಿಸಿ, ಸೋಫಾದಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು, ಮೂರನೇ ಸಲ ಅದೇ ಆಲ್ಬಮ್ಮಿನ ಮೊದಲ ಹಾಡು ಹಾಕಿದರು. ನಾಲ್ಕು ನಿಮಿಷವೂ ಆಗಿರಲಿಲ್ಲ, ಹೆಂಡತಿ ಜಗದಾಂಬಾ ಬಂದು ಭುಜ ಅಲ್ಲಾಡಿಸಿದರು.

"ರೀ, ಕುಕ್ಕರ್ ಎಷ್ಟು ಸಲ ಕೂಗ್ತು?"

"ನನ್ನ ಕಿವೀಲಿ ನಲವತ್ತು ಜನ ಕೂಗ್ತಾ ಇದಾರೆ ಕಣೇ. ಅದರಲ್ಲಿ ಕುಕ್ಕರ್ ಯಾವುದು ಅಂತ ಹೇಗೆ ಹೇಳ್ಲಿ?"

"ಹಾಗಾದ್ರೆ ಎದ್ದು ಆಫ್ ಮಾಡಿ. ನನ್ನ ಕೈ ಹಿಟ್ಟಾಗಿದೆ."

ಎದ್ದರು. ವಿಚಾರಣೆ ಮತ್ತೆ ಮುಂದಕ್ಕೆ ಹೋಯಿತು.

ಸಿದ್ದಲಿಂಗೇಶ್ ಮೂವತ್ತು ವರ್ಷ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುವ ಮಗಳು ವಚನಾ, ಯಾವುದೋ ರಾಕ್ ತಂಡದ ಶನಿವಾರದ ಕಾರ್ಯಕ್ರಮಕ್ಕೆ ಎರಡು ಟಿಕೆಟ್ ತಂದಿದ್ದಳು. "ಅದು ಸಂಗೀತ ಅಲ್ಲ, ಗಲಾಟೆ. ಹೋಗೋದು ಬೇಡ" ಎಂದಿದ್ದರು ಇವರು.

"ಕೋರ್ಟಲ್ಲಿದ್ದೋರು ನೀವು, ಕೇಳದೇ ತೀರ್ಪು ಕೊಡ್ತೀರಾ ಅಪ್ಪಾ? ಇಡೀ ಆಲ್ಬಮ್, ಐವತ್ತೆಂಟು ನಿಮಿಷ, ಒಂದೇ ಪಟ್ಟಿಗೆ ಕೇಳಿ. ಮಧ್ಯೆ ಎದ್ರೆ ಮತ್ತೆ ಮೊದಲಿಂದ. ಆಮೇಲೂ ಬೇಡ ಅಂದ್ರೆ ಹೋಗಲ್ಲ."

ಮಾತು ನಾಟಿತು. ಪೂರ್ತಿ ಕೇಳಿಯೇ ಬೇಡ ಎನ್ನುವುದೆಂದು ಅವರು ನಿಶ್ಚಯಿಸಿದರು. (ತೀರ್ಪು ಸಿದ್ಧವಿತ್ತು, ವಿಚಾರಣೆಯಷ್ಟೇ ಬಾಕಿ.)

ವಿಜಯನಗರದ ಆ ಮನೆಯಲ್ಲಿ ಮನುಷ್ಯನನ್ನು ಯಾರೂ ಮಾತಾಡಿಸದ ಜಾಗ ಒಂದೇ: ಪೂಜೆಯ ಮೂಲೆ. ಎಡಗೈಯಲ್ಲಿ ಲಿಂಗ ಹಿಡಿದು ಕುಳಿತವರನ್ನು, ಕುಕ್ಕರ್ ಸಿಡಿದರೂ ಯಾರೂ ಕರೆಯುವುದಿಲ್ಲ. ಗುರುವಾರ ಸಂಜೆ ಅವರು ಎರಡನೇ ಸಲ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದು, ಬಾಗಿಲಿಗೆ ಬೆನ್ನು ಹಾಕಿ ಮಣೆಯ ಮೇಲೆ ಕುಳಿತರು. ಕಿವಿಗೆ ಇಯರ್‌ಬಡ್, ಎಡ ಅಂಗೈಯಲ್ಲಿ ಎದೆಯ ಮಟ್ಟಕ್ಕೆ ಮೊಬೈಲ್. ನಿಜವಾದ ಪೂಜೆ ಬೆಳಿಗ್ಗೆಯೇ ಮುಗಿದಿದ್ದರಿಂದ ಶಿವನ ಆಕ್ಷೇಪಣೆ ಇರಲಾರದೆಂದು ತಾವೇ ಮಧ್ಯಂತರ ಆದೇಶ ಮಾಡಿಕೊಂಡರು.

ಮೊದಲ ಮೂರು ಹಾಡು ಶುದ್ಧ ಗಲಾಟೆ. ಒಬ್ಬ ಹುಡುಗಿ ಫೋನ್ ಎತ್ತಲಿಲ್ಲವೆಂಬ ಸಂಗತಿಗೆ ಡ್ರಮ್ಮು, ಗಿಟಾರು, ಹದಿನೆಂಟು ಪಿಟೀಲು ಸೇರಿ ಯುದ್ಧ ಸಾರಿದ್ದವು. ಐದನೆಯದರಲ್ಲಿ ಎಲ್ಲವೂ ಥಟ್ಟನೆ ನಿಂತು, ಒಂದೇ ಒಂದು ಗಂಡುದನಿ ಉಳಿಯಿತು. ಆ ದನಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತು. ಏರಿದ ಮೇಲೆ ಮತ್ತೆ ಮೆಟ್ಟಿಲು. ಅಷ್ಟರಲ್ಲಿ ನಲವತ್ತು ಜನರ ಮೇಳ, ಗೋಡೆ ನಡುಗಿಸುವ ಆರ್ಗನ್ ಒಟ್ಟಿಗೇ ನುಗ್ಗಿದವು. ಎದೆಯಲ್ಲಿ ಯಾರೋ ಬಾಗಿಲು ಒದ್ದಂತಾಯಿತು. ಇಷ್ಟು ಅತಿ ಮಾಡಲು ಇವರಿಗೆ ನಾಚಿಕೆಯಿಲ್ಲವೇ ಎಂದುಕೊಂಡರು ಸಿದ್ದಲಿಂಗೇಶ್. ಇಲ್ಲದಿದ್ದುದೇ ಚೆನ್ನಾಗಿತ್ತು. ಕೊನೆಯ ಹಾಡಿಗೆ ಬಂದಾಗ ಅವರು ಕಣ್ಣು ಮುಚ್ಚಿ, ಬಲಗೈಯಲ್ಲಿ ತೊಡೆಗೆ ಬಾರಿಸುತ್ತ, ಮೇಳದೊಂದಿಗೆ ಗಂಟಲು ಬಿಚ್ಚಿ ಹಾಡುತ್ತಿದ್ದರು.

ಮುಗಿಯಿತು. ಕಣ್ಣೊರೆಸಿಕೊಂಡು ತಿರುಗಿದರು.

ಹಿಂದೆ, ಸೆರಗು ತಲೆಗೆ ಹೊದ್ದು, ಚಾಪೆಯ ಮೇಲೆ ಎಂಟು ಹೆಂಗಸರು ಕೈಮುಗಿದು ಕುಳಿತಿದ್ದರು. ಗುರುವಾರ ಮನೆಯಲ್ಲಿ ಹೆಂಡತಿಯ ಮಹಿಳಾ ಸಂಘ 'ಅಕ್ಕನ ಬಳಗ' ಸೇರುತ್ತದೆಂಬುದು ಅವರಿಗೆ ಮರೆತೇಹೋಗಿತ್ತು.

"ಯಪ್ಪಾ, ಕಣ್ಣಾಗ ನೀರು ಬಂದಾವ್ ನೋಡ್ರೀ," ಎಂದರು ಹಾವೇರಿ ಕಡೆಯ ಬಸವ್ವ. "ಇಂಥಾ ಪೂಜಾ ನಾ ಕಂಡಿಲ್ಲ. ಅರ್ಧಾ ತಾಸಿನಿಂದ ಉಸಿರು ಬಿಗಿಹಿಡಿದು ಕುಂತೀವಿ."

ಜಗದಾಂಬಾ ಗಂಡನ ಅಂಗೈ ನೋಡಿದರು, ಕಿವಿ ನೋಡಿದರು. ಇಯರ್‌ಬಡ್ ಕಿತ್ತು ತಮ್ಮ ಕಿವಿಗಿಟ್ಟುಕೊಂಡು, "ಹಾಕಿ, ನೋಡೋಣ" ಎಂದರು. ಐದನೇ ಹಾಡು ಪೂರ್ತಿ ಮುಗಿಯುವವರೆಗೆ ಅವರ ರೆಪ್ಪೆ ಅಲುಗಲಿಲ್ಲ.

ಅಷ್ಟರಲ್ಲಿ ವಚನಾ ಕಾಲೇಜಿನಿಂದ ಬಂದಳು. "ಅಪ್ಪಾ, ತೀರ್ಪು?"

ಎಂಟು ಜನ ಸಾಕ್ಷಿಗಳ ಮುಂದೆ ಸಿದ್ದಲಿಂಗೇಶ್ ಗಂಟಲು ಸರಿಮಾಡಿಕೊಂಡರು. "ಹೋಗಬಹುದು. ಆದ್ರೆ ಅಷ್ಟು ಜನರ ಮಧ್ಯೆ ಹೆಣ್ಣುಮಗೂನ ಒಬ್ಬಳನ್ನೇ ಕಳಿಸೋಕಾಗಲ್ಲ. ಆ ಎರಡನೇ ಟಿಕೆಟ್ಟು... ಕರ್ತವ್ಯ ಅಂತ ನಾನೇ ಬರ್ತೀನಿ."

"ನೀವ್ಯಾಕೆ?" ಎಂದರು ಜಗದಾಂಬಾ. "ನಿಮ್ಮ ವಿಚಾರಣೆ ಮುಗೀತಲ್ಲ. ನಾನು ಕೇಳಿರೋದು ಒಂದೇ ಹಾಡು. ಪೂರ್ತಿ ಕೇಳದೇ ನಾನು ಹೇಗೆ ತೀರ್ಪು ಕೊಡ್ಲಿ?"

ಶನಿವಾರ ಸಂಜೆ ನಾಲ್ಕೂವರೆಗೆ ತಾಯಿ, ಮಗಳು ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದರು. ಮನೆಯಲ್ಲಿ ಸಿದ್ದಲಿಂಗೇಶ್ ಬೇಳೆಗೆ ಕುಕ್ಕರ್ ಇಟ್ಟು, ಪಕ್ಕದಲ್ಲೇ ನಿಂತು, ಅದು ಎಷ್ಟು ಸಲ ಕೂಗುತ್ತದೆಂದು ಎಣಿಸಿದರು.