ಕೊನೆಯ ಸಾಲಿನ ಪ್ರಶ್ನೆ

ಚಿಕ್ಕವನಿದ್ದಾಗ ಕನ್ನಡಕದ ಅಂಗಡಿಯ ಅಕ್ಷರಗಳ ಬೋರ್ಡು ನೋಡಿ ನನಗೆ ಅಯ್ಯೋ ಅನ್ನಿಸಿತ್ತು. ಬರೆದವನಿಗೆ ಜಾಗದ ಅಂದಾಜಿಲ್ಲ, ಮೇಲೆ ಧಾರಾಳವಾಗಿ ಶುರುಮಾಡಿ ಕೆಳಗೆ ಬರುವಷ್ಟರಲ್ಲಿ ಇಕ್ಕಟ್ಟಿಗೆ ಸಿಕ್ಕಿದ್ದಾನೆ ಎಂದೇ ನಂಬಿದ್ದೆ. ಪರೀಕ್ಷೆಯಲ್ಲಿ ನನ್ನ ಉತ್ತರಗಳೂ ಹಾಗೇ ಇರುತ್ತಿದ್ದವು. ಅಂಥ ಮಹಾಪಂಡಿತ ಬೆಳೆದು, ಅಂಥದೇ ಬೋರ್ಡಿನ ಪಕ್ಕ ಕೋಲು ಹಿಡಿದು ನಿಂತು ಹೊಟ್ಟೆ ಹೊರೆಯುವವನಾದೆ.

ಕೆಲಸ ಕಲಿಯುವಾಗ ನನ್ನ ದೊಡ್ಡ ತಾಪತ್ರಯ ಕಣ್ಣಿನದು. ನನ್ನದಲ್ಲ, ಬೇರೆಯವರದು. ಹೊಸಬನ ಕೈಗೆ ಕಣ್ಣು ಕೊಡಲು ಯಾರೂ ಸಿದ್ಧರಿರಲಿಲ್ಲ. ಪಕ್ಕದ ಔಷಧಿ ಅಂಗಡಿಯ ಹುಡುಗಿ ಮಾತ್ರ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಬಂದು ಕುರ್ಚಿಯಲ್ಲಿ ಕೂತು, "ಅದೇನು ಪ್ರಯೋಗ ಮಾಡ್ತೀಯೋ ಮಾಡು" ಎನ್ನುತ್ತಿದ್ದಳು. ಅಂಗೈಯಲ್ಲಿ ಒಂದು ಕಣ್ಣು ಮುಚ್ಚಿ ಮೇಲಿನಿಂದ ಕೊನೆಯ ಸಾಲಿನವರೆಗೆ ಗಡಗಡ ಓದಿದರೆ, ಬಹುಮಾನ ಬಂದಷ್ಟು ಖುಷಿ ನನಗೆ! ಆಗತಾನೆ ಒರೆಸಿದ ಗಾಜು, ಅವಳ ಬೆರಳಿಗಂಟಿದ ಮಾತ್ರೆಗಳ ಕಹಿ ವಾಸನೆ, ಹೊರಗೆ ತೂಕಡಿಸುವ ಬೀದಿ. ಪ್ರೀತಿ ಅಲ್ಲೇ ಎಲ್ಲೋ ಬಂದು ಕೂತಿತು.

ವರ್ಷಗಳು ಕಳೆದವು. ಕೆಲಸ ಕಲಿತೆ, ಮದುವೆಯ ಮಾತೆತ್ತುವುದನ್ನು ಮಾತ್ರ ಕಲಿಯಲಿಲ್ಲ. ಮನೆಯಲ್ಲಿ ಬೇರೆ ಗಂಡು ಹುಡುಕುತ್ತಿದ್ದಾರೆ ಎಂದು ಅವಳೇ ಒಂದು ದಿನ, ಹವಾಮಾನದ ಸುದ್ದಿ ಹೇಳುವಂತೆ ಹೇಳಿ ಹೋದಳು. ಅಂದೇ ಶಪಥ ಮಾಡಿದೆ: ಭೂಮಂಡಲದಲ್ಲಿ ಯಾವ ಗಂಡೂ ಕೇಳಿರದ ರೀತಿಯಲ್ಲಿ ಕೇಳುತ್ತೇನೆ!

ಹೊಸ ಬೋರ್ಡು ಬರೆದೆ. ಅನುಮಾನ ಬಾರದಿರಲೆಂದು ಮೇಲಿನ ಸಾಲುಗಳೆಲ್ಲ ಹಳೆಯವೇ. ಕಟ್ಟಕಡೆಯ ಸಾಲಿನಲ್ಲಿ ಮಾತ್ರ, ಸಣ್ಣಗೆ: ನನ್ನನ್ನು ಮದುವೆ ಆಗ್ತೀಯಾ?

ಹಳೇ ನೆನಪಿಗೆ ಒಂದು ಪರೀಕ್ಷೆ ಎಂದು ಪುಸಲಾಯಿಸಿ ಕೂರಿಸಿದೆ. ಓದುತ್ತ ಓದುತ್ತ ಕೆಳಗಿಳಿದಳು. ಕೊನೆಯ ಸಾಲಿಗೆ ಬಂದವಳು ಒಂಚೂರೂ ತಡವರಿಸದೆ, "ಟ, ರ, ಗ, ಪ, ನ, ಲ" ಎಂದಳು.

ಅದು ಹಳೆಯ ಬೋರ್ಡಿನ ಸಾಲು!

ಇನ್ನೊಮ್ಮೆ ಓದಿಸಿದೆ. ಅದೇ. ಕಣ್ಣು ಬದಲಿಸಿ ಓದಿಸಿದೆ. ಅದೇ. ಕೋಲಿನಿಂದ ಕುಟ್ಟಿ ತೋರಿಸಿದೆ. ಬೋರ್ಡು ತೂತಾಯಿತೇ ಹೊರತು ಉತ್ತರ ಬದಲಾಗಲಿಲ್ಲ. ಬೇಡ ಎನ್ನುವುದನ್ನು ಹೀಗೆ ನಾಜೂಕಾಗಿ ತಿಳಿಸುತ್ತಿದ್ದಾಳೆ ಎಂದುಕೊಂಡು ಕೋಲು ಕೆಳಗಿಟ್ಟೆ.

ಹಿಂದಿನ ಬೆಂಚಿನಲ್ಲಿ ಒಬ್ಬರು ಅಜ್ಜಿ ಹೊಸ ಕನ್ನಡಕ ಏರಿಸಿಕೊಂಡು ಅಂಗಡಿಯನ್ನೆಲ್ಲ ನೋಡುತ್ತಿದ್ದರು. ಆ ಸಾಲನ್ನು ಗಟ್ಟಿಯಾಗಿ, ಪ್ರಶ್ನಾರ್ಥಕ ಚಿಹ್ನೆಯ ಸಮೇತ ಓದಿದರು. ಆಮೇಲೆ, "ನನಗೆ ವಯಸ್ಸಾಯ್ತು ಕಣಪ್ಪಾ. ಬೇಕಿದ್ರೆ ಆ ಹುಡುಗೀನ ಕೇಳು" ಎಂದರು.

ಅವಳು ಕಣ್ಣಿಗೆ ಮುಚ್ಚಿದ್ದ ಕೈ ತೆಗೆದಳು. "ಹೂಂ, ಆಗ್ತೀನಿ" ಎಂದಳು. ಕಣ್ಣಲ್ಲಿ ನೀರು.

ಆಮೇಲೆ ನಿಜ ಹೊರಬಿತ್ತು. ಅವಳ ಕಣ್ಣಿಗೆ ಕೊನೆಯ ಸಾಲುಗಳು ಮಸುಕಾಗಿ ಎಷ್ಟೋ ಕಾಲವಾಗಿತ್ತಂತೆ. ಕಾಣುವುದಿಲ್ಲ ಎಂದರೆ ನನ್ನ ಮುಖ ಬಾಡುತ್ತದೆಂದು ಬಾಯಿಪಾಠ ಒಪ್ಪಿಸುತ್ತ ಬಂದಿದ್ದಳು. ಅವಳ ಕಣ್ಣು ಇಷ್ಟು ಚೆನ್ನಾಗಿರುವುದು ನನ್ನ ಕೈಗುಣ ಎಂದು ನಾನು ಊರಿಗೆಲ್ಲ ಕೊಚ್ಚಿಕೊಂಡಿದ್ದೆ!

ಸರಿಯಾದ ಗಾಜು ಹುಡುಕಿ ಹಾಕಿ, ಮತ್ತೆ ಬೋರ್ಡಿನ ಪಕ್ಕ ಹೋಗಿ ನಿಂತೆ. ಕೊನೆಯ ಸಾಲನ್ನು ಅವಳು ನಿಧಾನವಾಗಿ, ಮನಸ್ಸಿನಲ್ಲೇ ಓದಿಕೊಂಡಳು. ನೋಟ ಅಲ್ಲಿಂದ ನನ್ನ ಮೇಲೆ ಸರಿಯಿತು. ಅಷ್ಟು ದೂರದಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ಸ್ಪಷ್ಟವಾಗಿ ನೋಡದೆ ಎಷ್ಟು ಕಾಲವಾಗಿತ್ತೋ. ಹೊಟ್ಟೆ ಒಳಗೆಳೆದುಕೊಂಡೆ. ಅವಳು ನೋಡುತ್ತಲೇ ಇದ್ದಳು.

"ಸರಿಯಾಗಿ ನೋಡಿದ ಮೇಲೂ ಅದೇ ಉತ್ತರಾನಾ?" ಎಂದೆ.

"ಅಜ್ಜಿ ಮುಂದೆ ಮಾತು ಕೊಟ್ಟಾಗಿದೆ," ಎಂದಳು. "ಇನ್ನೇನ್ ಮಾಡೋದು?"