ಮಜುರ್ಕಾಕ್ಕೆ ರೂಪಕ ತಾಳ

ಸಂಗೀತ ಬಾರದಿದ್ದರೂ ತಾಳ ಹಾಕುವವರದೊಂದು ಪಂಗಡವಿದೆ. ನಾನು ಅದರ ಕುಲತಿಲಕ. ಎಲ್ಲಿ ಏನು ಕೇಳಿಸಿದರೂ ನನ್ನ ಬಲಗೈ ನನ್ನ ಅಪ್ಪಣೆಗೆ ಕಾಯದೆ ಬಲತೊಡೆಯ ಮೇಲೆ ಬೀಳುತ್ತದೆ. ಮೈಸೂರಿನಲ್ಲಿ ಇದಕ್ಕೆ ರಸಿಕತೆ ಎಂದು ಹೆಸರು. ಕಛೇರಿಯ ಮುಂದಿನ ಸಾಲಿನಲ್ಲಿ ಕೂತು, ಕಣ್ಣು ಅರೆಮುಚ್ಚಿ ತೊಡೆ ತಟ್ಟಿದರೆ ವಿದ್ವಾಂಸರೇ ನಮ್ಮ ಕಡೆ ತಿರುಗಿ ತಲೆಯಾಡಿಸುತ್ತಾರೆ. ಹಾಗೆ ತಿರುಗಿದ್ದರೆಂದು ನನ್ನ ನೆನಪು. ಅವರು ನೊಣ ಓಡಿಸುತ್ತಿದ್ದಿರಲೂಬಹುದು. ನಾನೀಗಿರುವ ಜಪಾನಿನಲ್ಲಿ ಈ ಚಟಕ್ಕೆ ಹೆಸರೇ ಇಲ್ಲ. ರೈಲಿನ ಬಾಗಿಲು ಮುಚ್ಚುವ ಮುನ್ನ ನುಡಿಯುವ ಪುಟ್ಟ ರಾಗಕ್ಕೆ ನಾನು ತಾಳ ಹಾಕಿದರೆ ಪಕ್ಕದವರು ಏನೂ ಅನ್ನುವುದಿಲ್ಲ. ಮೆಲ್ಲಗೆ ಎದ್ದು ಬೇರೆ ಸೀಟು ಹುಡುಕಿಕೊಳ್ಳುತ್ತಾರೆ.

ಕೊರೊನಾ ಬಂದು ನನ್ನನ್ನು, ನನ್ನ ಬಲಗೈಯನ್ನು ಗ್ಯೋಟೋಕು ಎಂಬ ಊರಿನ ನಮ್ಮ ಫ್ಲ್ಯಾಟಿನೊಳಗೆ ಕೂಡಿಹಾಕಿತು. ಅದೇ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಮಗಳು ಇಂಚರ ಪೋಲೆಂಡಿನ ಜಾನಪದ ಸಂಗೀತ ಕಲಿಯುತ್ತಿದ್ದಳು. ಮೈಸೂರಿನ ಮಗು ಜಪಾನಿನಲ್ಲಿ ಪೋಲೆಂಡಿನ ಹಾಡಿಗೆ ಬಡಿಯುವುದು ಹೇಗೆ ಎಂದು ಕೇಳಬೇಡಿ. ನಮ್ಮ ಮೇಲಿನ ಮಹಡಿಯ ಓನೋ ಸಾನ್ (ಸಾನ್ ಎಂದರೆ ಇಲ್ಲಿನ ಗೌರವದ ಬಾಲ) ಹರೆಯದಲ್ಲಿ ಓದಲೆಂದು ಪೋಲೆಂಡಿಗೆ ಹೋಗಿ, ಓದಿನ ಬದಲು ಪಿಟೀಲು ಕಲಿತು ಬಂದ ಹೆಂಗಸು. ಈಗ ಊರಿನ ಮಕ್ಕಳನ್ನು ಸೇರಿಸಿಕೊಂಡು ತಂಡ ಕಟ್ಟಿದ್ದಾರೆ. ಅದರಲ್ಲಿ ಇಂಚರಳದು ಡ್ರಮ್ಮು. ನಮ್ಮ ತಮಟೆಗೆ ಸುತ್ತಲೂ ಕಂಜಿರದ ಬಿಲ್ಲೆ ಸಿಕ್ಕಿಸಿದರೆ ಹೇಗಿರುತ್ತದೋ ಹಾಗೆ. ಫ್ಲ್ಯಾಟಿನಲ್ಲಿ ಅದನ್ನು ಬಾರಿಸುವಂತಿಲ್ಲ. ಹಾಗಾಗಿ ಕಂಪ್ಯೂಟರಿನ ಮುಂದೆ ಕೂತು, ಓನೋ ಸಾನ್ ನುಡಿಸಿದ್ದಕ್ಕೆ ಅವಳು ದಿಂಬು ಬಡಿಯುತ್ತಿದ್ದಳು. ನಾನು ಪಕ್ಕದ ಕೋಣೆಯಿಂದ ಸಹಾಯವಾಗಲಿ ಎಂದು ಮೇಜು ತಟ್ಟುತ್ತಿದ್ದೆ. ನನ್ನ ಮ್ಯಾನೇಜರು ಮೋರಿ ಸಾನ್ ಒಮ್ಮೆ ಮೀಟಿಂಗಿನ ನಡುವೆ, ನಿಮ್ಮ ಕಟ್ಟಡದಲ್ಲಿ ರಿಪೇರಿ ನಡೆಯುತ್ತಿದೆಯೇ, ಪಾಪ, ಎಂದು ಬಹಳ ವಿನಯದಿಂದ ವಿಚಾರಿಸಿದರು. ಇಂಚರಳಿಗೆ ಅಷ್ಟು ವಿನಯ ಇರಲಿಲ್ಲ. ಒಂದು ಕಿವಿಯಲ್ಲಿ ಪಿಟೀಲು, ಇನ್ನೊಂದರಲ್ಲಿ ನಾನು. ಯಾರನ್ನು ಹಿಡಿಯಬೇಕೆಂದು ತಿಳಿಯದೆ ನಡುವೆಯೇ ನಿಂತುಬಿಡುತ್ತಿದ್ದಳು. ಎಷ್ಟೋ ಸಲ ಅತ್ತದ್ದೂ ಉಂಟು.

ಅಂಥದ್ದರಲ್ಲಿ ಯೋಕೋಹಾಮಾದ ಪಾರ್ಕೊಂದರಲ್ಲಿ ಪೋಲಿಷ್ ಹಾಡು, ಕುಣಿತ, ಕರಕುಶಲದ ಹಬ್ಬ ಏರ್ಪಾಡಾಯಿತು. ತಂಡ ಮೊದಲ ಬಾರಿಗೆ ಜನರೆದುರು ನುಡಿಸುವ ದಿನ. ಇರುವುದು ಒಂದೇ ಡ್ರಮ್ಮು. ಅದು ತಪ್ಪಿದರೆ ಕುಣಿಯುವವರ ಕಾಲೂ ತಪ್ಪುತ್ತದೆ. ಇಂಚರ ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಹೊರಡುವ ಮುನ್ನ ನನ್ನೆದುರು ನಿಂತು, "ಅಪ್ಪ, ನೀನೂ ಬಾ. ಬಟ್ ನೋ ತಾಳ. ಪ್ರಾಮಿಸ್?" ಎಂದಳು. ಮಾತು ಕೊಟ್ಟೆ. ಶೈಲಾ, ನನ್ನ ಹೆಂಡತಿ, ನನ್ನ ಮಾತಿಗಿಂತ ನನ್ನ ಕೈಯನ್ನು ಚೆನ್ನಾಗಿ ಬಲ್ಲವಳು. ವೇದಿಕೆಯ ಪಕ್ಕದಲ್ಲೇ ಕಾಗದ ಕತ್ತರಿಸುವ ಕಲೆ ಹೇಳಿಕೊಡುವ ಮೇಜೊಂದು ಇದೆಯೆಂದು ತಿಳಿದು ನನ್ನ ಹೆಸರು ಮೊದಲೇ ಬರೆಸಿದ್ದಳು.

ಆ ದಿನ ಒಳ್ಳೆಯ ಬಿಸಿಲಿತ್ತು ಎಂದು ಬರೆಯಲು ಹೊರಟೆ. ಶೈಲಾ ಇಣುಕಿ ನೋಡಿ, ಕೊಡೆ ಹಿಡಿದುಕೊಂಡೇ ಪುಳಿಯೋಗರೆ ತಿಂದದ್ದು ಮರೆತುಹೋಯಿತೇ ಎನ್ನುತ್ತಾಳೆ. ಫೋಟೋ ತೆಗೆದು ನೋಡಿದೆವು. ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಬರೀ ಮಾಸ್ಕುಗಳು. ಯಾರು ನಕ್ಕಿದ್ದರು, ಯಾರು ಮುಖ ಊದಿಸಿದ್ದರು ಎಂಬುದೆಲ್ಲ ಈಗ ನಾನು ಹೇಳಿದಂತೆ. ನಂಬದೆ ನಿಮಗೆ ಬೇರೆ ದಾರಿಯಿಲ್ಲ.

ಬಾಗಿಲಲ್ಲಿ ಹಣೆಗೆ ಜ್ವರದ ಗನ್ನು ಹಿಡಿದು, ಕೈಗೆ ಸ್ಯಾನಿಟೈಸರ್ ಸುರಿದು ಒಳಗೆ ಬಿಟ್ಟರು. ಕುರ್ಚಿಗಳೆಲ್ಲ ಜಗಳವಾಡಿಕೊಂಡವರಂತೆ ದೂರ ದೂರ. ಕೂಗುವಂತಿಲ್ಲ, ಹಾಡುವಂತಿಲ್ಲ, ಊಟವನ್ನೂ ಮಾತಿಲ್ಲದೆ ಮಾಡಬೇಕು ಎಂದು ಬೋರ್ಡು. ಕುಣಿಯುವವರು ಕೈ ಹಿಡಿಯುವ ಬದಲು ಟವೆಲಿನ ಎರಡು ತುದಿ ಹಿಡಿದು ಕುಣಿದರು. ಒಗೆದ ಬಟ್ಟೆ ಹಿಂಡುತ್ತಿರುವ ದಂಪತಿಗಳಂತೆ ಕಂಡರು. ನಾನು ಕತ್ತರಿ ಹಿಡಿದೆ. ಹೇಳಿಕೊಡುತ್ತಿದ್ದ ಪೋಲಿಷ್ ಹೆಂಗಸಿನ ಜಪಾನೀ ಭಾಷೆ ನನ್ನದಕ್ಕಿಂತ ಸಾವಿರ ಪಾಲು ಚೆನ್ನಾಗಿತ್ತು. ಬಣ್ಣದ ಕಾಗದ ಮಡಿಚಿ, ಅರ್ಧ ಕತ್ತರಿಸಿ ಬಿಡಿಸಿದರೆ ಎದುರುಬದುರು ನಿಂತ ಎರಡು ಹುಂಜ ಬರಬೇಕು. ಸಂಗೀತ ಶುರುವಾದೊಡನೆ ನನ್ನ ಕತ್ತರಿ ತಾಳ ಹಿಡಿಯಿತು. ಮಡಿಕೆಯನ್ನೇ ಕತ್ತರಿಸಿಬಿಟ್ಟೆ. ಹುಂಜಗಳು ಬೇರೆಬೇರೆಯಾಗಿ ಮೇಜಿನ ಮೇಲೆ ಬಿದ್ದವು. ಆಕೆ ನೋಡಿ, ಪರವಾಗಿಲ್ಲ, ಇಬ್ಬರಿಗೂ ಬಿಡುಗಡೆ ಸಿಕ್ಕಿತು ಎಂದರು. ಕತ್ತರಿ ಕೆಳಗಿಟ್ಟು, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತೆ.

ಅಷ್ಟರಲ್ಲಿ ಓನೋ ಸಾನ್ ಮೈಕಿನಲ್ಲಿ, ಬಾಯಿ ತೆರೆಯುವಂತಿಲ್ಲವಾದ್ದರಿಂದ ದಯವಿಟ್ಟು ಚಪ್ಪಾಳೆಯಿಂದ ಮಕ್ಕಳ ಜೊತೆ ಸೇರಿ ಎಂದು ಕೇಳಿಕೊಂಡರು. ಇಡೀ ಸಭೆ ಚಪ್ಪಾಳೆ ತಟ್ಟಿತು, ಕೋಲೂರಿಕೊಂಡು ಬಂದಿದ್ದ ಅಜ್ಜನೊಬ್ಬ ಕೋಲು ಬದಿಗಿಟ್ಟು ತಟ್ಟಿದ. ನಾನು ಹರಿಶ್ಚಂದ್ರನಂತೆ ಕೊಟ್ಟ ಮಾತು ಉಳಿಸಿಕೊಂಡು ಅಲುಗಾಡದೆ ಕೂತಿದ್ದೆ. ವಿರಾಮದಲ್ಲಿ ಇಂಚರ ಬಂದಳು. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು, ಅಷ್ಟೇ ಸಾಕಿತ್ತು.

"ಎಲ್ರೂ ಕ್ಲ್ಯಾಪ್ ಮಾಡಿದ್ರು. ನೀನೊಬ್ನೇ ಮಾಡ್ಲಿಲ್ಲ."

"ನೀನೇ ಬೇಡ ಅಂದಿದ್ದೆ ಅಲ್ವೇನೇ?"

"ಅದು ತಾಳ ಅಪ್ಪ. ಇದು ಕ್ಲ್ಯಾಪ್."

"ಅಷ್ಟೂ ಗೊತ್ತಾಗಲ್ವೇನ್ರೀ ನಿಮ್ಗೆ?" ಎಂದಳು ಶೈಲಾ.

ಕೊನೆಯದು ಮಜುರ್ಕಾ, ಮೂರು ಮೂರು ಪೆಟ್ಟಿನ ಕುಣಿತ. ಈಗ ನನಗೆ ಅಪ್ಪಣೆಯಿತ್ತು. ಮೂರೆಂದರೆ ನಮ್ಮ ರೂಪಕವೇ ತಾನೆ: ಎರಡು ಪೆಟ್ಟು, ಅಂಗೈ ಮಗುಚಿ ಒಂದು ಹುಸಿ. ಶುರುಮಾಡಿದೆ. ಆದರೆ ಓನೋ ಸಾನ್ ಅವರ ಪಿಟೀಲು ಒತ್ತನ್ನು ಒಮ್ಮೆ ಎರಡನೆಯದಕ್ಕೆ ಕೊಡುತ್ತದೆ, ಒಮ್ಮೆ ಮೂರನೆಯದಕ್ಕೆ. ನಡುವೆ ಬೇಕೆಂದಷ್ಟು ಎಳೆದು ನಿಲ್ಲುತ್ತದೆ. ಪಾಪ, ವಯಸ್ಸಾಯಿತು, ಲಯ ಜಾರುತ್ತಿದೆ ಎಂದುಕೊಂಡು ಅವರಿಗೆ ಆಸರೆಯಾಗಲೆಂದು ಇನ್ನೂ ಜೋರಾಗಿ ತಟ್ಟಿದೆ. ಜಪಾನಿನಲ್ಲಿ ಒಂದು ಪದ್ಧತಿಯುಂಟು: ಏನು ಮಾಡಬೇಕೆಂದು ತಿಳಿಯದಿದ್ದರೆ ತಿಳಿದವನಂತೆ ಕಾಣುವವನನ್ನು ನೋಡಿ ಹಾಗೆಯೇ ಮಾಡುವುದು. ಆ ಸಭೆಯಲ್ಲಿ ನನ್ನಷ್ಟು ತಿಳಿದವನಂತೆ ಕಾಣುತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಮೊದಲು ನನ್ನ ಸಾಲು, ಆಮೇಲೆ ಹಿಂದಿನ ಸಾಲು, ಕೊನೆಗೆ ಎಲ್ಲರೂ ಎರಡು ಪೆಟ್ಟು ತಟ್ಟಿ, ಭಕ್ತಿಯಿಂದ ಅಂಗೈ ಮಗುಚತೊಡಗಿದರು. ಟವೆಲಿನ ಎರಡು ತುದಿಯಲ್ಲಿದ್ದವರ ಕಾಲು ತೊಡರಿತು. ಓನೋ ಸಾನ್ ಅವರ ಹುಬ್ಬು ಮೇಲೇರಿತು.

ಇಂಚರ ಒಂದೇ ಒಂದು ಸಲ ನನ್ನತ್ತ ನೋಡಿದಳು. ಇನ್ನು ಇವಳು ನಿಲ್ಲುತ್ತಾಳೆ ಎಂದುಕೊಂಡೆ. ನನ್ನ ಕೈಯನ್ನು ನಿಲ್ಲಿಸಲು ನೋಡಿದೆ. ಅದು ಯಾವತ್ತು ನನ್ನ ಮಾತು ಕೇಳಿದೆ? ಅವಳು ಮೈಯನ್ನು ಅತ್ತ ತಿರುಗಿಸಿ ಓನೋ ಸಾನ್ ಅವರ ನೆಲ ತಟ್ಟುವ ಪಾದದ ಮೇಲೆ ಕಣ್ಣಿಟ್ಟಳು. ನಾನು ಅಂಗೈ ಮಗುಚುತ್ತಿದ್ದ ಜಾಗಕ್ಕೆ ಸರಿಯಾಗಿ ಅವಳ ಡ್ರಮ್ಮಿನ ಕೋಲು ಬಿತ್ತು. ಮತ್ತೆ ಬಿತ್ತು. ಕುಣಿಯುವವರು ಅದನ್ನು ಹಿಡಿದರು. ಸಭೆಯೂ ಸಾಲುಸಾಲಾಗಿ ನನ್ನನ್ನು ಬಿಟ್ಟು ಅವಳ ಹಿಂದೆ ಹೋಯಿತು. ಕೊನೆಗೆ ಹುಸಿ ಹಾಕುತ್ತ ಉಳಿದವನು ನಾನೊಬ್ಬ, ಮತ್ತೆ ಆ ಕೋಲಿನ ಅಜ್ಜ.

ವಾಪಸು ರೈಲಿನಲ್ಲಿ ಇಂಚರ ಕೊಂಬಿನಿ ಅಂಗಡಿಯಲ್ಲಿ ಕೊಂಡ ಬಿಸ್ಕತ್ತನ್ನು ಮಾಸ್ಕಿನ ಕೆಳಗಿನಿಂದ ಒಂದೊಂದಾಗಿ ಒಳಗೆ ಕಳಿಸುತ್ತಿದ್ದಳು. ನನ್ನಿಂದ ಬಹಳ ತೊಂದರೆಯಾಯಿತೇ ಎಂದು ಕೇಳಿದೆ. ಕ್ಷಮೆ ಕೇಳುವ ಧ್ವನಿಯಲ್ಲೇ ಕೇಳಿದೆ ಎಂದು ನಾನು, ಇಲ್ಲವೆಂದು ಶೈಲಾ.

"ಇಲ್ಲಪ್ಪ," ಎಂದಳು ಇಂಚರ. "ಆಮೇಲಾಮೇಲೆ ನೀನು ಕೇಳಿಸ್ಲೇ ಇಲ್ಲ."

ಇದಕ್ಕಿಂತ ಸಂತೋಷದ ಮಾತು ಒಬ್ಬ ತಂದೆಗೆ ಬೇರೆ ಇಲ್ಲವೆಂದು ಎರಡು ಸ್ಟೇಷನ್ ದಾಟುವವರೆಗೆ ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ಮೈಸೂರಿಗೆ ಫೋನು ಮಾಡಿ, ಇಡೀ ಸಭೆಯ ತಾಳ ತಪ್ಪಿದರೂ ನಮ್ಮ ಮಗು ತಪ್ಪಲಿಲ್ಲ ಎಂದು ಅಮ್ಮನಿಗೆ ವರದಿ ಒಪ್ಪಿಸಿದೆ. ಸಭೆ ತಪ್ಪಿದ್ದು ಯಾಕೆಂದು ಅಮ್ಮ ಕೇಳಲಿಲ್ಲ. "ನಿನ್ನ ಮಗಳಲ್ವೇನೋ, ಲಯ ಎಲ್ಲಿಗೆ ಹೋಗತ್ತೆ?" ಎಂದಳು. ಸ್ಪೀಕರ್ ಹಾಕಿತ್ತು, ಶೈಲಾ, ಇಂಚರ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮನೆಯಲ್ಲಿ ಮಾಸ್ಕಿರಲಿಲ್ಲ. ಆದರೂ ನಾನು ಅಮ್ಮನ ಮಾತನ್ನು ಅಲ್ಲಗಳೆಯಲಿಲ್ಲ.